ಎರಡು ನಿಮಿಷದ ಗ್ರಹಣ, ಹದಿನೈದು ವರ್ಷದ ದುರ್ಬೀನು

ನಮ್ಮ ಅತ್ತೆಯವರಿಗೆ ಮನೆಯವರ ಹುಟ್ಟಿದ ತಾರೀಖುಗಳೇ ಸರಿಯಾಗಿ ನೆನಪಿರುವುದಿಲ್ಲ. ಆದರೆ ಒಂದು ದಿನ ಮಾತ್ರ ವಾರದ ಸಮೇತ ನೆನಪಿದೆ. 1980ನೇ ಇಸವಿ ಫೆಬ್ರವರಿ 16, ಶನಿವಾರ. ಆ ದಿನ ಹುಬ್ಬಳ್ಳಿಯಲ್ಲಿ ಸೂರ್ಯನಿಗೆ ಖಗ್ರಾಸ ಗ್ರಹಣ. ಅವರಾಗ ಬಸುರಿ, ನಮ್ಮನೆಯವರು ಹೊಟ್ಟೆಯಲ್ಲಿದ್ದರು. ಕೇಶ್ವಾಪುರದ ಇದೇ ಮನೆಯ ಒಳಕೋಣೆಯಲ್ಲಿ ಅವರನ್ನು ಮಲಗಿಸಿ, ಕಿಟಕಿಗೆ ಎರಡು ಪದರು ಚಾದರ ಹೊದಿಸಿ, ಕತ್ತರಿ ಈಳಿಗೆಮಣೆ ಎಲ್ಲವನ್ನೂ ಅಟ್ಟಕ್ಕೇರಿಸಿದ್ದರಂತೆ.

"ಮಧ್ಯಾಹ್ನ ಮೂರೂವರಿ ದಾಟಿತ್ತವಾ. ಕಾಗಿ ಗೂಡಿಗೆ ಹೋದವು, ಚುಕ್ಕಿ ಕಂಡವು, ಅಂತ ಹೊರಗ ಇದ್ದವರು ಅಂದರು. ನಾ ಏನೂ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡ ಮಲಗಿದ್ದೆ" ಎನ್ನುತ್ತಾರೆ.

ಅಂಕೋಲೆಯ ಕಡಲಂಚಿನಲ್ಲಿ ನೆಲ ಮುಟ್ಟಿದ ಚಂದ್ರನ ನೆರಳು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಆಂಧ್ರದ ಕಡೆಗೆ ಹೋಯಿತು. ನಮ್ಮೂರಿನಲ್ಲಿ ಪೂರ್ತಿ ಕತ್ತಲೆ ಎಂದರೆ ಎರಡು ನಿಮಿಷದ ಮೇಲೆ ಚೂರು. ಅಷ್ಟರಲ್ಲಿ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಬಹುದು, ಅಷ್ಟೆ.

ಈ ಹಳೆಯ ಸುದ್ದಿ ಈಗ ಯಾಕೆ ಅಂತ ಕೇಳುತ್ತೀರಿ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ನನ್ನ ಮಗಳು ಕಳೆದ ದೀಪಾವಳಿಯ ಹೊತ್ತಿಗೆ, ನಾನು ಕರ್ಚಿಕಾಯಿ ಕರಿಯುತ್ತ ನಿಂತಾಗ, ಮೆಲ್ಲಗೆ ಬಂದು ಹೇಳಿದಳು: "ಅವ್ವಾ, ನಾ ಕಂಪ್ಯೂಟರ್ ಕೋರ್ಸಿಗೆ ಹೋಗೂದಿಲ್ಲ. ಫಿಜಿಕ್ಸಿನಾಗ ಎಂ.ಎಸ್ಸಿ. ಮಾಡಿ, ಆಮೇಲೆ ಆಪ್ಟಿಕ್ಸ್ ಓದತೀನಿ. ಆಕಾಶಕ್ಕ ಹೋಗೂ ದುರ್ಬೀನು ಮಾಡೂ ಕೆಲಸ." ಎಣ್ಣೆಯಲ್ಲಿದ್ದ ಕರ್ಚಿಕಾಯಿ ಕೆಂಪಗಾಗಿ ಕರಿ ತಿರುಗುವವರೆಗೂ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಎಸ್ಸೆಸ್ಸೆಲ್ಸಿಗೆ ಓದು ನಿಂತ ನನಗೆ, ದುರ್ಬೀನು ಎಂದರೆ ಜಾತ್ರೆಯಲ್ಲಿ ಮಾರುವ ಆಟಿಕೆ. ಅದನ್ನು ಮಾಡುವುದೂ ಒಂದು ನೌಕರಿಯೇ?

ನೌಕರಿಯೇ. ಅದೂ ನಮ್ಮ ಕರ್ನಾಟಕದಲ್ಲೇ, ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ನಡೆಯುವ ನೌಕರಿ. ಮಗಳು ಹೇಳಿದ್ದನ್ನೂ, ಆಮೇಲೆ ನಾನೇ ಹುಡುಕಿ ಓದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ವಿಜ್ಞಾನ ಓದುವ ಹೆಣ್ಣುಮಕ್ಕಳು ಇರುವ ಮನೆ ನಮ್ಮದೊಂದೇ ಅಲ್ಲವಲ್ಲ.

ಅತ್ತೆಯವರು ಕಣ್ಣು ಮುಚ್ಚಿ ಮಲಗಿದ್ದ ಅದೇ ಗ್ರಹಣವನ್ನು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಯಂತ್ರಗಳನ್ನು ಹೂಡಿಕೊಂಡು ಕಾದು ನೋಡಿದರು. ಸಂಸ್ಥೆಯ ನಿರ್ದೇಶಕರಾಗಿದ್ದ ವೇಣು ಬಾಪು ಅವರು ಜಗದೇವ್ ಸಿಂಗ್ ಎಂಬ ವಿಜ್ಞಾನಿಯನ್ನು ಆ ಕೆಲಸಕ್ಕೆ ಹಚ್ಚಿದ್ದರು. ಅವರಿಗೆ ಬೇಕಾಗಿದ್ದದ್ದು ಸೂರ್ಯನ ಸುತ್ತಲಿನ ಕರೋನಾ. ರೋಗದ ಹೆಸರಲ್ಲ, ಗಾಬರಿಯಾಗಬೇಡಿ. ದೇವರ ಮೂರ್ತಿಯ ಹಿಂದೆ ಪ್ರಭಾವಳಿ ಇರುತ್ತದಲ್ಲ, ಹಾಗೆ ಸೂರ್ಯನಿಗೂ ಒಂದು ಬೆಳಕಿನ ಪ್ರಭಾವಳಿ ಇದೆ. ಸೂರ್ಯನ ಬಿಂಬದ ಬೆಳಕಿನ ಮುಂದೆ ಅದರ ಬೆಳಕು ಹತ್ತು ಲಕ್ಷದಲ್ಲಿ ಒಂದು ಪಾಲು. ಆದ್ದರಿಂದ ದಿನಾ ಕಾಣುವುದಿಲ್ಲ, ಚಂದ್ರ ಅಡ್ಡ ಬಂದು ಬಿಂಬವನ್ನು ಪೂರ್ತಿ ಮುಚ್ಚಿದಾಗ ಮಾತ್ರ ಕಾಣುತ್ತದೆ. ಇನ್ನೊಂದು ಚೋದ್ಯ ಕೇಳಿ: ಸೂರ್ಯನ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ, ಆದರೆ ಅದರಿಂದ ದೂರದ ಈ ಪ್ರಭಾವಳಿಯ ಬಿಸಿ ಹತ್ತು ಲಕ್ಷ ಡಿಗ್ರಿಗೂ ಮೇಲೆ. ಒಲೆಯಿಂದ ದೂರ ಸರಿದಷ್ಟೂ ಸೆಕೆ ಹೆಚ್ಚಾದರೆ ಹೇಗೋ ಹಾಗೆ. ಇದು ಯಾಕೆ ಹೀಗೆ ಎನ್ನುವುದನ್ನು ತಿಳಿಯಲಿಕ್ಕೆ ಇಷ್ಟೆಲ್ಲ ಪಾಡು.

ಜಗದೇವ್ ಸಿಂಗ್ ಅವರು 1980ರಿಂದ 2010ರವರೆಗೆ ಹತ್ತು ಗ್ರಹಣಗಳ ಬೆನ್ನು ಹತ್ತಿ ಊರೂರು ಹೋದರು. ಪ್ರತಿ ಸಲ ಸಿಕ್ಕದ್ದು ಕೆಲವೇ ನಿಮಿಷ. ಮೂವತ್ತು ವರ್ಷ ತಿರುಗಿ, ಕೈಗೆ ಸಿಕ್ಕ ನಿಮಿಷಗಳನ್ನು ಕೂಡಿಸಿದರೆ ಒಂದು ಕುಕ್ಕರ್ ಬೇಳೆ ಬೇಯುವ ಹೊತ್ತಿಗಿಂತ ಬಹಳವೇನೂ ಆಗಲಿಕ್ಕಿಲ್ಲ. ಚಂದ್ರನ ದಾರಿ ಕಾಯುವ ಬದಲು ನಾವೇ ಗ್ರಹಣ ಮಾಡಿಕೊಂಡರೆ ಹೇಗೆ ಎನ್ನುವ ವಿಚಾರ ಬಂದದ್ದು ಈ ಪೇಚಾಟದಿಂದಲೇ. 2008ರ ಹೊತ್ತಿಗೆ ಆದಿತ್ಯ ಎಂಬ ಹೆಸರಿನಲ್ಲಿ ಯೋಜನೆಯ ಮಾತು ಶುರುವಾಯಿತು. ಹೊಸಕೋಟೆಯ ಆವರಣದಲ್ಲಿ ಆ ದುರ್ಬೀನನ್ನು ಜೋಡಿಸಿ ಇಸ್ರೋಗೆ ಒಪ್ಪಿಸಿದ್ದು 2023ರ ಜನವರಿ 26ರಂದು. ಅದೇ ವರ್ಷ ಸೆಪ್ಟೆಂಬರ್ 2ಕ್ಕೆ ಆದಿತ್ಯ-ಎಲ್1 ಹಾರಿತು. 2024ರ ಜನವರಿ 6ಕ್ಕೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು. ಲೆಕ್ಕ ಹಾಕಿ: ಹದಿನೈದು ವರ್ಷ! ಈ ಹದಿನೈದು ವರ್ಷದ ಮಾತಿಗೆ ಆಮೇಲೆ ಬರುತ್ತೇನೆ, ತಾಯಿಯಾದವಳಿಗೆ ಎದೆಯಲ್ಲಿ ಚುಚ್ಚುವುದು ಅದೇ.

ಆ ದುರ್ಬೀನಿನ ಹೆಸರು ವೆಲ್ಕ್. ತೂಕ 90 ಕಿಲೋದಷ್ಟು. ಅದರ ಮುಖ್ಯ ಕನ್ನಡಿ ಒಂದು ಗೇಣಗಲಕ್ಕೂ ತುಸು ಕಡಿಮೆ, ನಮ್ಮ ಊಟದ ತಟ್ಟೆಗಿಂತ ಸಣ್ಣದು. ಸೂರ್ಯನ ಬೆಳಕು ಮೊದಲು ಈ ಕನ್ನಡಿಗೆ ಬಿದ್ದು, ಅಲ್ಲಿಂದ ಇನ್ನೊಂದು ಕನ್ನಡಿಗೆ ಹೋಗುತ್ತದೆ. ಈ ಎರಡನೆಯ ಕನ್ನಡಿಯ ನಟ್ಟ ನಡುವೆ ತೂತಿದೆ. ಬಿಂಬದ ಪ್ರಖರ ಬೆಳಕೆಲ್ಲ ಆ ತೂತಿನಿಂದ ಆಚೆ ಹೋಗಿಬಿಡುತ್ತದೆ, ಸುತ್ತಲಿನ ಪ್ರಭಾವಳಿಯ ಬೆಳಕು ಮಾತ್ರ ಕನ್ನಡಿಗೆ ತಾಗಿ ಮುಂದಕ್ಕೆ ಬರುತ್ತದೆ. ಜರಡಿ ಹಿಡಿದ ಹಾಗೆ. ಹೇಳಲಿಕ್ಕೆ ಇಷ್ಟೇ. ಆದರೆ ಮೊದಲ ಕನ್ನಡಿ ಎಲ್ಲಾದರೂ ಸ್ವಲ್ಪ ಒರಟಾಗಿದ್ದರೆ ಬಿಂಬದ ಬೆಳಕು ಅಲ್ಲಿಂದ ಚೆದುರಿ, ಹತ್ತು ಲಕ್ಷದಲ್ಲಿ ಒಂದು ಪಾಲಿನ ಆ ಪ್ರಭಾವಳಿಯನ್ನು ನುಂಗಿಹಾಕುತ್ತದೆ. ಹಾಗಾಗಿ ಆ ಕನ್ನಡಿಯ ಏರುತಗ್ಗು ಪರಮಾಣುಗಳ ಅಳತೆಯಲ್ಲಿ ಇರಬೇಕು. ಎಳೆಗೂಸಿನ ಕೆನ್ನೆಯೂ ಅದರ ಮುಂದೆ ಸಹ್ಯಾದ್ರಿ ಪರ್ವತ!

ಇಂಥ ಕನ್ನಡಿಯನ್ನು ಹೇಗೆ ಮಾಡುತ್ತಾರೆ ಎಂದು ಓದಿದಾಗ ನನಗೆ ನಮ್ಮ ಹಿತ್ತಲಿನ ಪಾತ್ರೆ ತಿಕ್ಕುವ ಕಲ್ಲೇ ನೆನಪಾಯಿತು. ಮೊದಲು ಗಾಜಿನ ದಪ್ಪ ಬಿಲ್ಲೆ. ಸಾದಾ ಗಾಜಲ್ಲ, ಬಿಸಿಗೆ ಹಿಗ್ಗದ, ತಂಪಿಗೆ ಕುಗ್ಗದ ಜಾತಿಯದು. ಜರ್ಮನಿಯ ಝೆರೋಡರ್ ಎಂಬುದು ಇದಕ್ಕೆ ಹೆಸರುವಾಸಿ. ಅದನ್ನು ಸಾಣೆಯ ಪುಡಿ ಹಾಕಿ ತಿಕ್ಕುತ್ತಾರೆ. ಮೊದಲು ರವೆಯಂಥ ಪುಡಿ, ಆಮೇಲೆ ಹಿಟ್ಟಿನಂಥದು, ಕೊನೆಗೆ ಕುಂಕುಮಕ್ಕಿಂತ ನಯವಾದದ್ದು. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲವನ್ನೂ ತೊಳೆದು ಒರೆಸಬೇಕು. ಹಿಂದಿನ ದಪ್ಪ ಪುಡಿಯ ಒಂದು ಕಣ ಉಳಿದರೂ ಗೀರು ಬಿದ್ದು ವಾರಗಟ್ಟಲೆಯ ಕೆಲಸ ಹಾಳು. ಆಮೇಲೆ ಡಾಂಬರಿನಂಥ ಮೆತ್ತನೆಯ ಅಂಟಿನ ಹಾಸಿನ ಮೇಲೆ ಹೊಳಪು ಕೊಡುವುದು. ತಿಕ್ಕಿದರೆ ಗಾಜು ಬಿಸಿಯಾಗುತ್ತದೆ, ಬಿಸಿಯಾದರೆ ಆಕಾರ ತುಸು ತಪ್ಪುತ್ತದೆ. ಆದ್ದರಿಂದ ಅದು ಪೂರ್ತಿ ಆರುವವರೆಗೆ ಕಾದು ಆಮೇಲೆ ಅಳೆಯಬೇಕು. ತಿಕ್ಕು, ಕಾಯಿ, ಅಳೆ, ಮತ್ತೆ ತಿಕ್ಕು. ಈಗ ಯಂತ್ರಗಳಿವೆ, ಗಣಕಗಳಿವೆ. ಆದರೂ ಕೈಯ ಹದ, ಕಣ್ಣಿನ ಹದ ಬೇಕೇ ಬೇಕು. ಕಡೆಗೆ ಗಾಳಿಯನ್ನೆಲ್ಲ ತೆಗೆದ ದೊಡ್ಡ ಡಬ್ಬಿಯೊಳಗೆ ಇಟ್ಟು ಅಲ್ಯುಮಿನಿಯಂನ ತೆಳು ಪೊರೆ ಕೂರಿಸಿದರೆ ಗಾಜು ಕನ್ನಡಿಯಾಗುತ್ತದೆ.

ಬೆಂಗಳೂರಿನಲ್ಲಿ ಈ ವಿದ್ಯೆ ಇಂದು ನಿನ್ನೆಯದಲ್ಲ. ತಮಿಳುನಾಡಿನ ಕಾವಲೂರಿನ ಬೆಟ್ಟದ ಮೇಲಿರುವ 2.34 ಮೀಟರ್ ಅಗಲದ ದೊಡ್ಡ ಕನ್ನಡಿಯನ್ನು ತಿಕ್ಕಿ ಹದ ಮಾಡಿದ್ದು ಬೆಂಗಳೂರಿನ ಖಭೌತ ಸಂಸ್ಥೆಯಲ್ಲೇ. ಅದಕ್ಕಾಗಿ ಜೀವ ಸವೆಸಿದ ವೇಣು ಬಾಪು ಅವರು ಅದು ಮುಗಿಯುವ ಮೊದಲೇ, 1982ರಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ಉದ್ಘಾಟನೆಯಾದಾಗ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಇನ್ನು ಪೀಣ್ಯದಲ್ಲಿ, 1975ರಲ್ಲಿ ಆರ್ಯಭಟ ಉಪಗ್ರಹ ತಯಾರಾದ ಜಾಗದಲ್ಲಿ, ಇಸ್ರೋದ ಲಿಯೋಸ್ ಎಂಬ ಪ್ರಯೋಗಶಾಲೆ ಇದೆ. ಉಪಗ್ರಹಗಳಿಗೆ ಬೇಕಾಗುವ ಕನ್ನಡಿ, ಮಸೂರಗಳನ್ನು ಮಾಡುವುದೇ ಅಲ್ಲಿಯ ಮುಖ್ಯ ಕೆಲಸಗಳಲ್ಲೊಂದು. ಇಸ್ರೋ ಅಧ್ಯಕ್ಷರಾಗಿದ್ದ ನಮ್ಮ ಹಾಸನ ಜಿಲ್ಲೆಯ ಎ. ಎಸ್. ಕಿರಣ್ ಕುಮಾರ್ ಅವರೂ ಉಪಗ್ರಹದ ಕ್ಯಾಮೆರಾಗಳ ಕೆಲಸದಲ್ಲೇ ಮೇಲೆ ಬಂದವರು. ಬಿ.ಎಸ್ಸಿ. ಫಿಜಿಕ್ಸ್ ಓದಿಕೊಂಡೇ ಶುರು ಮಾಡಿದ್ದು ಅವರೂ.

ಅವರು ಅಧ್ಯಕ್ಷರಾಗಿದ್ದಾಗಲೇ, 2015ರ ಸೆಪ್ಟೆಂಬರ್ 28ರಂದು, ಆಸ್ಟ್ರೋಸ್ಯಾಟ್ ಹಾರಿತು. ಅದರೊಳಗಿನ ಯುವಿಐಟಿ ಎಂಬ ಜೋಡಿ ದುರ್ಬೀನು ಕೂಡ ಹೊಸಕೋಟೆಯಲ್ಲಿ ಜೋಡಣೆಯಾದದ್ದೇ. ನಕ್ಷತ್ರಗಳಿಂದ ಬರುವ ಅತಿನೇರಳೆ ಬೆಳಕನ್ನು ನೋಡುವುದು ಇದರ ಕೆಲಸ. ಆ ಬೆಳಕನ್ನು ನಮ್ಮ ಗಾಳಿ ತಡೆದುಬಿಡುವುದರಿಂದ ಮೇಲಕ್ಕೇ ಹೋಗಿ ನೋಡಬೇಕು. ಆದರೆ ಈ ಬೆಳಕಿನ ಮಡಿ ಬಹಳ! ಒಗ್ಗರಣೆ ಹಾಕಿದ ದಿನ ಅಡಿಗೆಮನೆಯ ಕಿಟಕಿಯ ಗಾಜಿಗೆ ಬೆರಳು ತಾಗಿಸಿ ನೋಡಿ, ಜಿಡ್ಡು. ಅದರ ಸಾವಿರದೊಂದು ಪಾಲು ಜಿಡ್ಡು ಕನ್ನಡಿಗೆ ಕೂತರೂ ಅತಿನೇರಳೆ ಬೆಳಕು ಒಳಗೆ ಬರುವುದಿಲ್ಲ. ಹಾಗಾಗಿ ಅಲ್ಲಿ ಕೆಲಸ ಮಾಡುವವರು ತಲೆಯಿಂದ ಕಾಲಿನವರೆಗೆ ಬಿಳಿ ನಿಲುವಂಗಿ ಹಾಕಿ, ಬಾಯಿಗೆ ಮುಸುಕು, ಕೈಗೆ ಚೀಲ ತೊಟ್ಟೇ ಒಳಗೆ ಕಾಲಿಡುವುದು. ಪೌಡರ್, ಕಾಡಿಗೆಗಳಿಗೆ ಅಲ್ಲಿ ಪ್ರವೇಶವಿಲ್ಲ. ಮಗಳು ಇದನ್ನು ಹೇಳಿದಾಗ ಅತ್ತೆಯವರು, "ಹಂಗಾದರ ಅದು ನಮ್ಮ ಮಡಿಗಿಂತ ಕಡಕ್ ಐತಲ್ಲ" ಎಂದರು. ಮೇಲೆ ಹೋದ ಮೇಲೂ ಮಡಿ ಮುಗಿಯಲಿಲ್ಲ. ಉಪಗ್ರಹದ ಅಂಟು, ಬಣ್ಣ, ತಂತಿಗಳಿಂದ ಹೊರಡುವ ಆವಿಯೆಲ್ಲ ಹೋಗಲಿ ಎಂದು ಎರಡು ತಿಂಗಳು ದುರ್ಬೀನಿನ ಬಾಗಿಲನ್ನು ತೆಗೆಯಲೇ ಇಲ್ಲ. ತೆಗೆದದ್ದು ನವೆಂಬರ್ 30ಕ್ಕೆ. ಆ ಎಲ್ಲ ತಾಳ್ಮೆಯ ಫಲ ಎಂಬಂತೆ, 930 ಕೋಟಿ ಬೆಳಕಿನ ವರ್ಷ ದೂರದ ಒಂದು ನಕ್ಷತ್ರಮಂಡಲದಿಂದ ಹೊರಟ ಅತಿನೇರಳೆ ಬೆಳಕು ಅದರಲ್ಲಿ ಸಿಕ್ಕಿತೆಂದು 2020ರಲ್ಲಿ ಪ್ರಕಟವಾಯಿತು.

ಆ ದುರ್ಬೀನಿನ ಅಳತೆಗಳು ಸರಿಯೇ ಎಂದು ತಾಳೆ ನೋಡುವ ಹೊಣೆ ಹೊತ್ತವರು ಒಬ್ಬ ಹೆಣ್ಣುಮಗಳು, ಅನ್ನಪೂರ್ಣಿ ಸುಬ್ರಮಣಿಯಂ. ಪಾಲಕ್ಕಾಡಿನಲ್ಲಿ ಓದಿದವರು, 2019ರಲ್ಲಿ ಖಭೌತ ಸಂಸ್ಥೆಯ ನಿರ್ದೇಶಕಿಯೇ ಆದರು. ಆದಿತ್ಯ-ಎಲ್1 ಯೋಜನೆಯ ನಿರ್ದೇಶಕಿ ನಿಗಾರ್ ಶಾಜಿ ತಮಿಳುನಾಡಿನ ಸೆಂಗೋಟ್ಟೈ ಊರಿನವರು. ದೊಡ್ಡ ಶಹರದವರೇ ಆಗಬೇಕೆಂದಿಲ್ಲ ಎನ್ನಲಿಕ್ಕೆ ಈ ಎರಡು ಹೆಸರು ನನಗೆ ಬಹಳ ಉಪಯೋಗಕ್ಕೆ ಬಂದವು.

ಯಾಕೆಂದರೆ ನಮ್ಮ ಮನೆಯಲ್ಲಿ ಮಾತು ಸುಮ್ಮನೆ ಮುಗಿಯಲಿಲ್ಲ. ಸಂಕ್ರಾಂತಿಗೆ ಬಂದ ನಮ್ಮ ಭಾವನವರು ಕುಸುರೆಳ್ಳು ಕೈಗೆ ತೆಗೆದುಕೊಳ್ಳುತ್ತಲೇ ಶುರು ಮಾಡಿದರು. "ಕನ್ನಡಿ ತಿಕ್ಕಲಿಕ್ಕೆ ಎಂ.ಎಸ್ಸಿ. ಯಾಕ ಬೇಕು? ಮುಂದ ಹೊಟ್ಟಿಗೆ ಏನು? ಹುಡುಗೀಗೆ ಇಪ್ಪತ್ತೊಂದು ಆಗತದ, ಗೊತ್ತೈತಿಲ್ಲೋ?" ನಮ್ಮನೆಯವರು ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಅರ್ಧ ಒಪ್ಪಿಗೆ, ಅರ್ಧ ಅಂಜಿಕೆ ಎಂದು ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ತಿಳಿದುಕೊಂಡಿದ್ದೇನೆ.

ಹೊಟ್ಟೆಯ ಮಾತಿಗೆ ಉತ್ತರ ಇದೆ. ಎಂ.ಎಸ್ಸಿ. ಆದ ಮೇಲೆ ಜೆಸ್ಟ್, ನೆಟ್, ಗೇಟ್ ಎಂಬ ಪರೀಕ್ಷೆಗಳಿವೆ. ಅದರಲ್ಲಿ ಪಾಸಾಗಿ, ಸಂದರ್ಶನದಲ್ಲೂ ಆಯ್ಕೆಯಾದರೆ ಪಿಎಚ್.ಡಿ.ಗೆ ಸೇರಬಹುದು. ಓದುವಾಗಲೇ ಶಿಷ್ಯವೇತನ ಬರುತ್ತದೆ. 2023ರಲ್ಲಿ ಅದನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಿದ್ದಾರೆ, ಮುಂದೆ 42,000. ಪಿಎಚ್.ಡಿ. ಬೇಡ, ಎಂಜಿನಿಯರಿಕೆಯ ದಾರಿಯೇ ಬೇಕು ಎನ್ನುವವರಿಗೆ ದೆಹಲಿಯ ಐಐಟಿ, ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆ, ಕಲಕತ್ತಾ ವಿಶ್ವವಿದ್ಯಾಲಯ ಇಲ್ಲೆಲ್ಲ ಆಪ್ಟಿಕ್ಸಿನಲ್ಲಿ ಎಂ.ಟೆಕ್. ಇದೆ. ಇಸ್ರೋದಲ್ಲಿ ವಿಜ್ಞಾನಿ ಅಥವಾ ಎಂಜಿನಿಯರ್ ಆಗಿ ಸೇರಿದರೆ ಏಳನೆಯ ವೇತನ ಆಯೋಗದ ಪ್ರಕಾರ ಮೂಲ ಸಂಬಳವೇ 56,100. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದಿದವರಿಗೂ ಈ ಕೆಲಸದಲ್ಲಿ ಜಾಗ ಉಂಟು. ಕನ್ನಡಿಯನ್ನು ಹಿಡಿದು ನಿಲ್ಲಿಸುವ ಚೌಕಟ್ಟು ರಾಕೆಟ್ಟಿನ ಅದುರಿಕೆಗೆ ಜರುಗಬಾರದಲ್ಲ! ಐ.ಟಿ.ಐ. ಓದಿದ ಫಿಟ್ಟರುಗಳನ್ನೂ ತಂತ್ರಜ್ಞರೆಂದು ತೆಗೆದುಕೊಳ್ಳುತ್ತಾರೆ, ಇದು ಗಂಡುಮಕ್ಕಳ ತಾಯಂದಿರಿಗೂ ತಿಳಿದಿರಲಿ. ಇನ್ನೂ ಒಂಬತ್ತನೆಯ ತರಗತಿಯಲ್ಲಿರುವ ಮಕ್ಕಳಿದ್ದರೆ 2019ರಲ್ಲಿ ಇಸ್ರೋ ಶುರು ಮಾಡಿದ ಯುವಿಕಾ ಎಂಬ ಶಿಬಿರದ ಬಗ್ಗೆ ಶಾಲೆಯಲ್ಲಿ ವಿಚಾರಿಸಿ. ಕನ್ನಡದಲ್ಲೇ ಓದಬೇಕೆಂದರೆ ಡಾ. ಬಿ. ಎಸ್. ಶೈಲಜಾ ಅವರು ಖಗೋಳದ ಬಗ್ಗೆ ಬರೆದ ಪುಸ್ತಕಗಳಿವೆ. ಧಾರವಾಡಕ್ಕೆ ಹೋದಾಗ ವಿಶ್ವವಿದ್ಯಾಲಯದ ಆವರಣದ ವಿಜ್ಞಾನ ಕೇಂದ್ರಕ್ಕೂ ಒಮ್ಮೆ ಕರೆದುಕೊಂಡು ಹೋಗಿ. ಬರುವಾಗ ಫೇಡೆ ಹೇಗೂ ತರುತ್ತೀರಿ.

ಆದರೆ ಬೆಲ್ಲದ ಮಾತನ್ನೇ ಹೇಳಿ ಸುಮ್ಮನಾದರೆ ತಪ್ಪಾಗುತ್ತದೆ. ಸೀಟು ಕಡಿಮೆ, ಪರೀಕ್ಷೆ ಬಿಗಿ. ಪಿಎಚ್.ಡಿ.ಗೆ ಐದು ವರ್ಷವಾದರೂ ಬೇಕು. ಮತ್ತೆ ಆ ಹದಿನೈದು ವರ್ಷ. ಇಪ್ಪತ್ತೈದಕ್ಕೆ ಒಂದು ದುರ್ಬೀನಿಗೆ ಕೈ ಹಚ್ಚಿದವಳು ಅದು ಹಾರುವುದನ್ನು ನೋಡುವಾಗ ನಲವತ್ತು. ನಡುವೆ ಮದುವೆ, ಬಾಣಂತನ, ಮಕ್ಕಳ ಶಾಲೆ, ಅತ್ತೆ ಮಾವನ ಜಡ್ಡು ಜಾಪತ್ರೆ ಎಲ್ಲ ಬಂದು ಹೋಗಿರುತ್ತದೆ. ಅಷ್ಟಾದ ಮೇಲೂ ಅದು ಮೇಲೆ ಕೆಟ್ಟರೆ? ಯುವಿಐಟಿಯ ಒಂದು ಕಣ್ಣು 2018ರಲ್ಲಿ ನಿಂತುಹೋಯಿತು. 650 ಕಿಲೋಮೀಟರ್ ಮೇಲಕ್ಕೆ ರಿಪೇರಿಗೆ ಹೋಗುವವರು ಯಾರು? ಉಳಿದ ಕಣ್ಣುಗಳಿಂದಲೇ ಕೆಲಸ ಸಾಗಿಸಿದರು.

ಅಮೆರಿಕದ ಹಬಲ್ ದುರ್ಬೀನಿನ ಕಥೆ ಇನ್ನೂ ದೊಡ್ಡದು. 1990ರಲ್ಲಿ ಮೇಲೆ ಹೋಯಿತು, 2.4 ಮೀಟರಿನ ಕನ್ನಡಿ. ಬಂದ ಚಿತ್ರಗಳೆಲ್ಲ ಮಸುಕು. ವಿಚಾರಣೆ ಮಾಡಿದರೆ, ಕನ್ನಡಿಯ ಅಂಚು ಇರಬೇಕಾದ್ದಕ್ಕಿಂತ ಕೂದಲಿನ ದಪ್ಪದ ಐವತ್ತನೆಯ ಒಂದು ಪಾಲಿನಷ್ಟು ಹೆಚ್ಚು ಸವೆದಿತ್ತು. ಕಾರಣ? ಅಳೆಯುವ ಯಂತ್ರದೊಳಗಿನ ಒಂದು ಮಸೂರವನ್ನು 1.3 ಮಿಲಿಮೀಟರ್, ಅಂದರೆ ಒಂದು ಸಾಸಿವೆ ಕಾಳಿನಷ್ಟು, ಸರಿಸಿ ಕೂರಿಸಿದ್ದರು. ತಿಕ್ಕಿದವರು ಆ ಅಳತೆಗೆ ಸರಿಯಾಗಿ, ಬಹಳ ಚೆನ್ನಾಗಿ ತಿಕ್ಕಿದ್ದರು. ಅಳತೆಯೇ ತಪ್ಪು! ಬೇರೆ ಸಣ್ಣ ಪರೀಕ್ಷೆಗಳು ಏನೋ ಸರಿ ಇಲ್ಲವೆಂದು ತೋರಿಸಿದ್ದವು, ಆದರೆ ದೊಡ್ಡ ಯಂತ್ರದ ಮೇಲಿನ ನಂಬಿಕೆಯಲ್ಲಿ ಅವನ್ನು ಬದಿಗೆ ಸರಿಸಿದರು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಅದರ ದೃಷ್ಟಿ ಸರಿಪಡಿಸುವ ಸಣ್ಣ ಸಣ್ಣ ಕನ್ನಡಿಗಳನ್ನು ಅದಕ್ಕೆ ಹಾಕಿ ಬಂದರು. ಒಟ್ಟಿನಲ್ಲಿ ಹಬಲ್‌ಗೂ ಚಾಳೀಸು ಬಂತು. ನನಗೂ ಈ ವರ್ಷವೇ ಬಂತು, ಅದಕ್ಕೆ ಅದರ ಮೇಲೆ ನನಗೆ ಸ್ವಲ್ಪ ಅಂತಃಕರಣ.

ಈ ಕಥೆಯನ್ನು ಮಗಳು ಭಾವನವರಿಗೇ ಹೇಳಿದಳು. "ದೊಡ್ಡಪ್ಪಾ, ಕನ್ನಡಿ ತಿಕ್ಕಲಿಕ್ಕೆ ಎಂ.ಎಸ್ಸಿ. ಬೇಕಾಗೂದು ಇದಕ್ಕರಿ. ತಿಕ್ಕೂದಲ್ಲ, ಅಳತಿ ತಪ್ಪೈತಿ ಅನ್ನೂದು ಗೊತ್ತಾಗಬೇಕಲ್ಲ." ಭಾವನವರು ಎಳ್ಳು ಅಗಿಯುತ್ತ, "ಮಾತು ಮಾತ್ರ ಭಾಳ ಕಲತೀದಿ" ಎಂದರೇ ಹೊರತು ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ.

ನನ್ನ ಮನಸ್ಸನ್ನು ಕೇಳುತ್ತೀರಾ? ಹದಿನೈದು ವರ್ಷದ ಅಂಜಿಕೆ ನನಗೆ ಇನ್ನೂ ಹೋಗಿಲ್ಲ. ನಾನೂ ಇದೇ ಮನೆಯಲ್ಲಿ ಇಪ್ಪತ್ತೆರಡು ವರ್ಷ ತಿಕ್ಕಿದ್ದೇನೆ, ತೊಳೆದಿದ್ದೇನೆ, ಮರುದಿನ ಬೆಳಿಗ್ಗೆಗೆ ಎಲ್ಲ ಮತ್ತೆ ಹೊಲಸಾಗಿರುತ್ತದೆ. ಅವಳು ತಿಕ್ಕಿದ ಕನ್ನಡಿ ತಿರುಗಿ ಹಿತ್ತಲಿಗೆ ಬರುವುದಿಲ್ಲ, ಅಷ್ಟು ನನಗೆ ತಿಳಿಯುತ್ತದೆ. ವರ ನೋಡುವ ಮಾತು ಬಂದರೆ, ಓದು ಮುಗಿಯುವವರೆಗೆ ಕಾಯುವವರು ಬರಲಿ, ಇಲ್ಲದಿದ್ದರೆ ಹೆಣ್ಣು ಕೇಳಲು ಬರುವುದೇ ಬೇಡ ಎಂದು ನಾನು ನಮ್ಮನೆಯವರಿಗೆ ಹೇಳಿಯಾಯಿತು. ಜಗಳ ಆಯಿತು. ಎಂ.ಎಸ್ಸಿ.ಯ ಅರ್ಜಿಯ ಹಣವನ್ನು ನನ್ನ ಡಬ್ಬಿಯಿಂದ ಕೊಟ್ಟೆ. ಮೂರನೆಯ ದಿನ ಅವರೇ ಬಂದು ಆ ಹಣ ವಾಪಸು ಡಬ್ಬಿಗೆ ಹಾಕಿ, ಏನೂ ಆಡದೆ ಆಫೀಸಿಗೆ ಹೋದರು.

ಅತ್ತೆಯವರು ಮಾತ್ರ ಇಷ್ಟು ದಿನ ಎಲ್ಲ ಕೇಳುತ್ತ ಸುಮ್ಮನಿದ್ದರು. ಮೊನ್ನೆ ಮೊಮ್ಮಗಳನ್ನು ಹತ್ತಿರ ಕರೆದು, ಆ ಪ್ರಭಾವಳಿಯ ಚಿತ್ರ ತೋರಿಸು ಅಂದರು. ಮೊಬೈಲಿನಲ್ಲಿ ತೋರಿಸಿದಳು. ಬಹಳ ಹೊತ್ತು ನೋಡಿದರು. "ಅವತ್ತ ನಮ್ಮ ಓಣಿ ಮ್ಯಾಲೆ ಇದೇ ಇತ್ತೇನು?" ಎಂದು ಕೇಳಿದರು. ಹೌದಜ್ಜಿ ಅಂದಳು. ಇಂಥದು ಮತ್ತೆ ಯಾವಾಗ ಎಂದರು. ನಮ್ಮ ದೇಶದಲ್ಲಿ ಮುಂದಿನ ಖಗ್ರಾಸ 2034ರ ಮಾರ್ಚ್ 20ಕ್ಕೆ, ಅದೂ ದೂರದ ಕಾಶ್ಮೀರ, ಲಡಾಖ್ ಕಡೆ. ನಮ್ಮ ಕಡೆ 2027ರ ಆಗಸ್ಟ್ 2ರ ಸಂಜೆ ಪಾರ್ಶ್ವ ಗ್ರಹಣ ಇದೆ, ಆಗ ಪ್ರಭಾವಳಿ ಕಾಣುವುದಿಲ್ಲ. ಬರಿಗಣ್ಣಿನಿಂದ ನೋಡಬಾರದು, ಎಕ್ಸ್-ರೇ ಹಾಳೆ, ಮಸಿ ಹಚ್ಚಿದ ಗಾಜು ಯಾವುದೂ ಬೇಡ, ಗ್ರಹಣಕ್ಕೆಂದೇ ಮಾಡಿದ ಕನ್ನಡಕ ಬೇಕು ಎಂದು ಮಗಳು ಬಿಡಿಸಿ ಹೇಳಿದಳು.

"ಹಂಗಾದರ ನನಗೊಂದು ತಂದ ಇಡು" ಎಂದರು ಅತ್ತೆಯವರು.